ರಾತ್ರಿ ಹತ್ತಕ್ಕೆ ಹಾಡು ತಾನಾಗಿ ನಿಲ್ಲಬೇಕು: ಮ್ಯೂಸಿಕ್ ಪ್ಲೇಯರ್‌ಗೆ ಕೋಡ್ ಮೂಲಕ ಹೇಳುವುದು ಹೇಗೆ?

ನಮ್ಮ ನಡುಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಅದಕ್ಕೆ ಮರುಜೀವ ಬಂತು. ಆಂಪ್ಲಿಫೈಯರ್‌ಗೆ ವೈರು ಎಳೆದು, ಹಾಡು ಕೇಳುವುದಕ್ಕೆಂದೇ ಅದನ್ನು ಮೀಸಲಿಟ್ಟಿದ್ದೇವೆ. ಅಪ್ಪನದು ಒಂದೇ ಬೇಡಿಕೆ: ರಾತ್ರಿ ಹತ್ತು ಗಂಟೆಗೆ ಹಾಡು ತಾನಾಗಿ ನಿಲ್ಲಬೇಕು. ಕೇಳುತ್ತ ಕೇಳುತ್ತ ಅವರಿಗೆ ಕುರ್ಚಿಯಲ್ಲೇ ನಿದ್ದೆ ಹತ್ತುತ್ತದೆ, ಹಾಡು ನಡುರಾತ್ರಿಯವರೆಗೂ ಸಾಗುತ್ತದೆ, ಬೆಳಗ್ಗೆ ಮಹಡಿ ಮನೆಯವರು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿಯುತ್ತಾರೆ.

ಹತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಮೊದಲ ರಾತ್ರಿಯೇ ಎಡವಟ್ಟಾಯಿತು. ಅಪ್ಪ ಅಂದು ಬೇಗ ಮಲಗಲು ಹೊರಟವರು ಒಂಬತ್ತೂವರೆಗೆ ತಾವೇ ಹಾಡು ನಿಲ್ಲಿಸಿ ದೀಪ ಆರಿಸಿದ್ದರು. ಹತ್ತಕ್ಕೆ ಸರಿಯಾಗಿ, ಕತ್ತಲಲ್ಲಿ, ಆಂಪ್ಲಿಫೈಯರ್ ಗಂಟಲು ಬಿಚ್ಚಿ ಹಾಡತೊಡಗಿತು. ನಿಲ್ಲಿಸಬೇಕಾದ ಪ್ರೋಗ್ರಾಮೇ ಹಾಡು ಶುರು ಮಾಡಿತ್ತು.

ಇಂಥ ಸಣ್ಣ ಪ್ರೋಗ್ರಾಮ್‌ಗಳು ಈಗ ಕೋಡ್ ಬರೆಯಲು ಕಲಿತವರ ಸ್ವತ್ತಾಗಿ ಉಳಿದಿಲ್ಲ. ಎಐ ಚಾಟ್‌ಬಾಟ್ ಒಂದಕ್ಕೆ ‘ಹತ್ತು ಗಂಟೆಗೆ ಹಾಡು ನಿಲ್ಲಿಸುವ ಪ್ರೋಗ್ರಾಮ್ ಬರೆದುಕೊಡು’ ಎಂದರೆ ಕ್ಷಣದಲ್ಲಿ ಬರೆದುಕೊಡುತ್ತದೆ. ಆದರೆ ಅದರೊಳಗೆ ಎಂಪಿಡಿ, ಡಿ-ಬಸ್, ಪೋರ್ಟ್, ಐಡಲ್ ಎಂಬ ಹೆಸರುಗಳು ಸಾಲುಸಾಲಾಗಿ ಬಂದು ನಿಲ್ಲುತ್ತವೆ. ಅವು ಏನು, ಏಕಿವೆ ಎಂದು ಗೊತ್ತಿಲ್ಲದಿದ್ದರೆ ಪ್ರೋಗ್ರಾಮ್ ಕೈಕೊಟ್ಟಾಗ ಎಲ್ಲಿ ನೋಡಬೇಕೆಂಬುದೂ ಗೊತ್ತಾಗುವುದಿಲ್ಲ. ಹಾಗಾಗಿ ಬುಡದಿಂದಲೇ ನೋಡೋಣ.

ಕುರುಡು ಬೆರಳು

ಪ್ಲೇಯರ್ ಒಂದನ್ನು ಪ್ರೋಗ್ರಾಮ್‌ನಿಂದ ನಡೆಸಲು ಎರಡು ದಾರಿಗಳಿವೆ. ಒಂದು, ಮನುಷ್ಯನ ಬೆರಳನ್ನು ನಟಿಸುವುದು. ಪರದೆಯ ಇಂಥ ಜಾಗಕ್ಕೆ ಮೌಸ್ ಒಯ್ದು ಕ್ಲಿಕ್ ಮಾಡು, ಅಥವಾ ಕೀಬೋರ್ಡಿನ ಇಂಥ ಕೀಲಿ ಒತ್ತಿದಂತೆ ಮಾಡು ಎಂದು ಹೇಳುವುದು. ನನ್ನ ಮೊದಲ ಪ್ರೋಗ್ರಾಮ್ ಮಾಡಿದ್ದು ಇದನ್ನೇ. ಹತ್ತು ಗಂಟೆಗೆ ಅದು ಪ್ಲೇ–ಪಾಜ್ ಕೀಲಿಯನ್ನು ಒಮ್ಮೆ ಒತ್ತುತ್ತಿತ್ತು.

ಆ ಕೀಲಿಗೆ ಎರಡು ಅರ್ಥ. ಹಾಡು ನಡೆಯುತ್ತಿದ್ದರೆ ‘ತಡೆ’, ತಡೆದಿದ್ದರೆ ‘ನಡೆಸು’. ನಾವು ಒತ್ತುವಾಗ ಗೊಂದಲವಾಗುವುದಿಲ್ಲ, ಏಕೆಂದರೆ ಬೆರಳಿಗಿಂತ ಮೊದಲು ಕಿವಿ, ಕಣ್ಣು ಕೆಲಸ ಮಾಡಿರುತ್ತವೆ. ಹಾಡು ಕೇಳಿಸುತ್ತಿದೆ, ಆದ್ದರಿಂದ ಒತ್ತುತ್ತೇವೆ. ಪ್ರೋಗ್ರಾಮ್‌ಗೆ ಬೆರಳು ಕೊಟ್ಟಿದ್ದೆ, ಕಿವಿ ಕೊಟ್ಟಿರಲಿಲ್ಲ.

ಮೌಸ್ ಕ್ಲಿಕ್ಕಿನ ದಾರಿ ಇನ್ನೂ ನಾಜೂಕು. ಕಿಟಕಿ ಎರಡಂಗುಲ ಸರಿದರೆ, ಅಪ್‌ಡೇಟ್ ಬಂದು ಗುಂಡಿಯ ಜಾಗ ಬದಲಾದರೆ, ಪರದೆಗೆ ಬೀಗ ಬಿದ್ದಿದ್ದರೆ, ಕ್ಲಿಕ್ ಎಲ್ಲೋ ಹೋಗಿ ಬೀಳುತ್ತದೆ.

ಎರಡನೆಯ ದಾರಿ ಪ್ಲೇಯರ್ ಜೊತೆ ನೇರವಾಗಿ ಮಾತನಾಡುವುದು. ಗುಂಡಿಗಳನ್ನು ಬದಿಗಿಟ್ಟು, ಗುಂಡಿಯ ಹಿಂದೆ ಕೆಲಸ ಮಾಡುವ ಭಾಗಕ್ಕೇ ‘ಈಗ ಏನು ಮಾಡುತ್ತಿದ್ದೀಯೆ?’ ಎಂದು ಕೇಳುವುದು, ‘ತಡೆ’ ಎಂದು ಹೇಳುವುದು. ಇದಕ್ಕೆ ಪ್ಲೇಯರ್ ಮೊದಲೇ ಒಂದು ಬಾಗಿಲು ತೆರೆದಿಟ್ಟಿರಬೇಕು. ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತನಾಡಲೆಂದು ಹೀಗೆ ತೆರೆದಿಟ್ಟ ಬಾಗಿಲಿಗೆ ಎಪಿಐ ಎನ್ನುತ್ತಾರೆ.

ಶಾಮಿಯಾನದ ಹಿಂದಿನ ಮೈಕ್‌ಸೆಟ್ಟಿನವರು

ಈ ಮಾತುಕತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಎಂಪಿಡಿ ಎಂಬ ಪ್ಲೇಯರ್‌ನಲ್ಲಿ. ಪೂರ್ಣ ಹೆಸರು ಮ್ಯೂಸಿಕ್ ಪ್ಲೇಯರ್ ಡೀಮನ್. ವಾರನ್ ಡ್ಯೂಕ್ಸ್ ಎಂಬವರು 2003ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಇದು. ಹಲವು ವರ್ಷಗಳಿಂದ ಮ್ಯಾಕ್ಸ್ ಕೆಲ್ಲರ್‌ಮನ್ ಇದನ್ನು ನೋಡಿಕೊಳ್ಳುತ್ತಿದ್ದಾರೆ. ಡೀಮನ್ ಎಂದರೆ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಪರಿಭಾಷೆಯಲ್ಲಿ, ಪರದೆಯ ಮೇಲೆ ಮುಖ ತೋರಿಸದೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಮ್. ಎಂಪಿಡಿಗೆ ಕಿಟಕಿಯಿಲ್ಲ, ಗುಂಡಿಯಿಲ್ಲ, ಆಲ್ಬಮ್ಮಿನ ಚಿತ್ರ ತೋರಿಸುವ ಜಾಗವೂ ಇಲ್ಲ. ಅದನ್ನು ಚಾಲೂ ಮಾಡಿದರೆ ಪರದೆಯಲ್ಲಿ ಏನೂ ಆಗುವುದಿಲ್ಲ. ಮೊದಲ ಸಲ ಹಾಕಿಕೊಂಡವರು ‘ಕೆಟ್ಟಿದೆ’ ಎಂದುಕೊಳ್ಳುವುದು ಸಹಜ.

ಮದುವೆ ಮನೆಯಲ್ಲೋ ಗಣೇಶನ ಪೆಂಡಾಲಿನಲ್ಲೋ ಮೈಕ್‌ಸೆಟ್ಟಿನವರನ್ನು ನೆನಪಿಸಿಕೊಳ್ಳಿ. ಅವರು ಶಾಮಿಯಾನದ ಹಿಂದೆಲ್ಲೋ ಆಂಪ್ಲಿಫೈಯರ್ ಪಕ್ಕ ಕುಳಿತಿರುತ್ತಾರೆ, ಬಂದವರ ಕಣ್ಣಿಗೆ ಬೀಳುವುದಿಲ್ಲ. ಹಾಡು ಬೇಕಾದವರು ಚೀಟಿ ಬರೆದು ಹುಡುಗನ ಕೈಯಲ್ಲಿ ಕಳಿಸುತ್ತಾರೆ. ಹೆಣ್ಣಿನ ಕಡೆಯವರೂ ಕಳಿಸಬಹುದು, ಗಂಡಿನ ಕಡೆಯವರೂ ಕಳಿಸಬಹುದು. ಚೀಟಿ ಕಳಿಸಿದವರು ಊಟಕ್ಕೆ ಎದ್ದುಹೋದರೂ ಹಾಡು ನಿಲ್ಲುವುದಿಲ್ಲ.

ಎಂಪಿಡಿ ಆ ಮೈಕ್‌ಸೆಟ್ಟಿನವರು. ಕಂಪ್ಯೂಟರಿನ ಭಾಷೆಯಲ್ಲಿ ಸರ್ವರ್. ಚೀಟಿ ಕಳಿಸುವ ಪ್ರೋಗ್ರಾಮ್‌ಗಳು ಕ್ಲೈಂಟ್‌ಗಳು. ಆಜ್ಞೆಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪಿಸಿ ಕಳಿಸುವ ಎಂಪಿಸಿ ಒಂದು ಕ್ಲೈಂಟ್. ಎನ್‌ಸಿಎಂಪಿಸಿಪಿಪಿ ಎಂಬ, ಹೆಸರಿಡುವಾಗ ಕೀಬೋರ್ಡಿನ ಮೇಲೆ ಬೆಕ್ಕು ನಡೆದಂತೆ ಕಾಣುವ ಇನ್ನೊಂದಿದೆ. ಮೊಬೈಲ್ ಆ್ಯಪ್‌ಗಳೂ ಇವೆ. ನಾವು ಬರೆಯುವ ಹತ್ತು ಸಾಲಿನ ಪ್ರೋಗ್ರಾಮ್ ಕೂಡ ಅಂಥದ್ದೇ ಒಂದು ಕ್ಲೈಂಟ್, ಎಂಪಿಡಿಯ ಕಣ್ಣಿಗೆ ಅವೆಲ್ಲವೂ ಸಮಾನ.

6600ನೇ ಕಿಂಡಿ

ಒಂದು ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ಹಲವು ಸರ್ವರ್‌ಗಳು ಕುಳಿತಿರಬಹುದು. ಯಾವ ಚೀಟಿ ಯಾರಿಗೆ ಎಂದು ತಿಳಿಯಲು ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆಯ ಕಿಂಡಿ ಇರುತ್ತದೆ, ಅದೇ ಪೋರ್ಟ್. ಎಂಪಿಡಿ ಸಾಮಾನ್ಯವಾಗಿ ಕಾಯುವುದು 6600ನೇ ಪೋರ್ಟ್‌ನಲ್ಲಿ.

ಈ ಕಿಂಡಿಯಲ್ಲಿ ನಡೆಯುವ ಮಾತು ಮನುಷ್ಯರು ಓದಬಹುದಾದ ಸರಳ ಪಠ್ಯ. ಯಾವ ಲೈಬ್ರರಿಯೂ (ಬೇರೆಯವರು ಮೊದಲೇ ಬರೆದಿಟ್ಟ ಕೋಡ್) ಇಲ್ಲದೆ, ಟೆಲ್‌ನೆಟ್‌ನಂಥ ಸಾಧಾರಣ ಸಲಕರಣೆಯಿಂದ 6600ಕ್ಕೆ ಸಂಪರ್ಕ ಪಡೆದು ನೀವೇ ಟೈಪಿಸಿ ನೋಡಬಹುದು. ಇದನ್ನು ಒಮ್ಮೆಯಾದರೂ ಮಾಡಿ ನೋಡಿ ಎಂಬುದು ನನ್ನ ಆಗ್ರಹ. ಆಮೇಲೆ ಲೈಬ್ರರಿ ಏನು ಮಾಡುತ್ತಿದೆ ಎಂಬ ನಿಗೂಢ ಉಳಿಯುವುದಿಲ್ಲ. ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ, ಇಲ್ಲಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

ಸಂಪರ್ಕ ಸಿಕ್ಕಿದೊಡನೆ ಎಂಪಿಡಿ ತಾನೇ ಮೊದಲು ಮಾತನಾಡುತ್ತದೆ:

ಓಕೆ ಎಂಪಿಡಿ 0.23.5

ಕೊನೆಯ ಸಂಖ್ಯೆ ಅದು ಆಡುವ ಭಾಷೆಯ ಆವೃತ್ತಿ. ಈಗ ನೀವು ‘ಸ್ಟೇಟಸ್’ ಎಂದು ಟೈಪಿಸಿ ಎಂಟರ್ ಒತ್ತಿದರೆ ಹತ್ತು–ಹದಿನೈದು ಸಾಲಿನ ಉತ್ತರ ಬರುತ್ತದೆ. ಅದರಲ್ಲಿ ಮುಖ್ಯವಾದವು ಇವು:

ವಾಲ್ಯೂಮ್: 60
ಪ್ಲೇಲಿಸ್ಟ್‌ಲೆಂತ್: 48
ಸ್ಟೇಟ್: ಪ್ಲೇ
ಸಾಂಗ್: 3
ಸಾಂಗ್‌ಐಡಿ: 4
ಎಲಾಪ್ಸ್ಡ್: 73.412
ಓಕೆ

ಧ್ವನಿ ನೂರಕ್ಕೆ ಅರವತ್ತರಲ್ಲಿದೆ, ಸಾಲಿನಲ್ಲಿ 48 ಹಾಡುಗಳಿವೆ, ಈಗ ನಡೆಯುತ್ತಿದೆ, ಶುರುವಾಗಿ 73 ಸೆಕೆಂಡ್ ಮೇಲಾಗಿದೆ. ಸಾಂಗ್ 3 ಎಂದರೆ ಮೂರನೆಯದಲ್ಲ, ನಾಲ್ಕನೆಯದು. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಕೊನೆಯ ‘ಓಕೆ’ ಎಂದರೆ ನನ್ನ ಮಾತು ಮುಗಿಯಿತು, ಮುಂದಿನ ಚೀಟಿ ಕೊಡಿ ಎಂದರ್ಥ.

ತಪ್ಪಾದರೆ ‘ಓಕೆ’ ಬದಲು ‘ಎಸಿಕೆ’ ಎಂದು ಶುರುವಾಗುವ ಸಾಲು ಬರುತ್ತದೆ. ಇಲ್ಲದ ಹಾಡನ್ನು ಹಾಕು ಎಂದರೆ ಆ ಸಾಲಿನಲ್ಲಿ 50 ಎಂಬ ಸಂಖ್ಯೆಯೂ ‘ಅಂಥ ಹಾಡಿಲ್ಲ’ ಎಂಬ ವಿವರಣೆಯೂ ಇರುತ್ತವೆ. 50 ಎಂದರೆ ‘ಕೇಳಿದ ವಸ್ತು ಇಲ್ಲ’ ಎಂಬುದರ ಸಂಕೇತ. ವಿವರಣೆ ನಮಗೆ, ಸಂಖ್ಯೆ ಪ್ರೋಗ್ರಾಮ್‌ಗೆ.

ಇನ್ನು ನಮ್ಮ ಹತ್ತು ಗಂಟೆಯ ಆಜ್ಞೆ. ‘ಪಾಜ್’ ಎಂದಷ್ಟೇ ಕಳಿಸಿದರೆ ಅದು ಕೀಬೋರ್ಡಿನ ಕೀಲಿಯಂತೆಯೇ ತಿರುಗುಮುರುಗು ಆಟ ಆಡುತ್ತದೆ: ನಡೆಯುತ್ತಿದ್ದರೆ ತಡೆಯುತ್ತದೆ, ತಡೆದಿದ್ದರೆ ನಡೆಸುತ್ತದೆ. ಈ ಬಳಕೆಯನ್ನು ಬಿಟ್ಟುಬಿಡಿ ಎಂದು ಎಂಪಿಡಿಯ ಹಳೆಯ ಕೈಪಿಡಿಯೇ ಹೇಳುತ್ತಿತ್ತು. ಬದಲಿಗೆ ‘ಪಾಜ್ 1’ ಎಂದರೆ ತಡೆ, ‘ಪಾಜ್ 0’ ಎಂದರೆ ಮುಂದುವರಿಸು. ಈಗಾಗಲೇ ತಡೆದಿರುವಾಗ ‘ಪಾಜ್ 1’ ಕಳಿಸಿದರೆ ಏನೂ ಆಗುವುದಿಲ್ಲ, ಹತ್ತು ಸಲ ಕಳಿಸಿದರೂ ಏನೂ ಆಗುವುದಿಲ್ಲ. ಅಪ್ಪನ ನಿದ್ದೆ ಕೆಡಿಸಿದ್ದಕ್ಕೂ ಕೆಡಿಸದೇ ಇರುವುದಕ್ಕೂ ನಡುವೆ ಇದ್ದದ್ದು ಆ ಒಂದೇ ಒಂದು ಅಂಕೆ.

ಲೈಬ್ರರಿ ಎಂದರೆ ಅರ್ಜಿ ಬರೆದುಕೊಡುವವರು

ಇಷ್ಟು ಸರಳವಾಗಿದ್ದರೆ ಲೈಬ್ರರಿ ಏಕೆ ಬೇಕು? ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಲ್ಲಿ ಕುಳಿತು ಅರ್ಜಿ ಬರೆದುಕೊಡುವವರು ಏಕೆ ಬೇಕೋ ಅದಕ್ಕೇ. ನಿಮಗೂ ಕನ್ನಡ ಬರುತ್ತದೆ, ಅರ್ಜಿ ನೀವೂ ಬರೆಯಬಲ್ಲಿರಿ. ಆದರೆ ಯಾವ ನಮೂನೆ, ಸ್ಟಾಂಪ್ ಎಲ್ಲಿ, ಸರ್ವೆ ನಂಬರ್ ಯಾವ ಸಾಲಿನಲ್ಲಿ ಎಂಬುದು ಅವರಿಗೆ ಬಾಯಿಪಾಠ. ನೀವು ‘ಪಹಣಿ ಬೇಕು’ ಎಂದರೆ ಸಾಕು.

ಪ್ರೋಗ್ರಾಮಿಂಗ್‌ನಲ್ಲಿ ಲೈಬ್ರರಿ ಎಂದರೆ ಹೀಗೆ ಮತ್ತೆ ಮತ್ತೆ ಬೇಕಾಗುವ ಕೆಲಸವನ್ನು ಯಾರೋ ಒಮ್ಮೆ ನೀಟಾಗಿ ಬರೆದಿಟ್ಟ ಕೋಡ್. ಎಂಪಿಡಿಗೆ ಸಿ ಭಾಷೆಯಲ್ಲಿ ಲಿಬ್‌ಎಂಪಿಡಿಕ್ಲೈಂಟ್ ಇದೆ. ಪೈಥಾನ್‌ನಲ್ಲಿ ಪೈಥಾನ್-ಎಂಪಿಡಿ2 ಇದೆ, ಇದು ಹಳೆಯ ಪೈಥಾನ್-ಎಂಪಿಡಿಯಿಂದ ಕವಲೊಡೆದದ್ದು. ಹೊಸಬರಿಗೆ ಪೈಥಾನ್ ಸುಲಭ, ಅದನ್ನೇ ನೋಡೋಣ. ಕೆಲಸದ ಕ್ರಮ ಹೀಗೆ: ಲೈಬ್ರರಿಯನ್ನು ಒಳಗೆ ಕರೆದುಕೊಳ್ಳುವುದು, ಒಂದು ಕ್ಲೈಂಟ್ ಹುಟ್ಟಿಸುವುದು, ಅದಕ್ಕೆ ಕಂಪ್ಯೂಟರಿನ ವಿಳಾಸವನ್ನೂ 6600 ಎಂಬ ಸಂಖ್ಯೆಯನ್ನೂ ಕೊಟ್ಟು ಸಂಪರ್ಕಿಸು ಎನ್ನುವುದು, ಸ್ಟೇಟಸ್ ಕೇಳುವುದು, ಅದರಲ್ಲಿ ಸ್ಟೇಟ್ ‘ಪ್ಲೇ’ ಎಂದಿದ್ದರೆ ಪಾಜ್ 1 ಎನ್ನುವುದು, ಕೊನೆಗೆ ಸಂಪರ್ಕ ಮುಚ್ಚುವುದು. ಆರೇ ಸಾಲು.

ಆ ಆರು ಸಾಲಿನ ಹಿಂದೆ ಲೈಬ್ರರಿ ಏನೇನು ನಿಭಾಯಿಸುತ್ತದೆ ನೋಡಿ. ಮೊದಲ ಸ್ವಾಗತದ ಸಾಲನ್ನು ಓದಿ ಆಚೆಯಿರುವುದು ಎಂಪಿಡಿಯೇ ಹೌದೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಹಾಡಿನ ಹೆಸರಿನಲ್ಲಿ ಉದ್ಧರಣ ಚಿಹ್ನೆಯಿದ್ದರೆ ಸಾಲು ಒಡೆಯದಂತೆ ಅದನ್ನು ಜೋಪಾನ ಮಾಡುತ್ತದೆ. ಬಂದ ಉತ್ತರವನ್ನು ಸಾಲುಸಾಲಾಗಿ ಬಿಡಿಸಿ, ‘ಸ್ಟೇಟ್ ಏನು?’ ಎಂದರೆ ‘ಪ್ಲೇ’ ಎಂದು ಕೊಡುವ ಪಟ್ಟಿಯಾಗಿ ಜೋಡಿಸುತ್ತದೆ. ‘ಎಸಿಕೆ’ ಬಂದರೆ ಸುಮ್ಮನೆ ಮುಂದೆ ಹೋಗಗೊಡದೆ ಪ್ರೋಗ್ರಾಮನ್ನು ತಡೆದು ನಿಲ್ಲಿಸುತ್ತದೆ.

ಆದರೆ ಅರ್ಜಿ ಬರೆಯುವವರು ನಿಮ್ಮ ಪರವಾಗಿ ಯೋಚಿಸುವುದಿಲ್ಲ. ಈ ಲೈಬ್ರರಿ ಸ್ಟೇಟಸ್‌ನ ಎಲ್ಲ ಉತ್ತರವನ್ನೂ ಅಕ್ಷರರೂಪದಲ್ಲೇ ಕೊಡುತ್ತದೆ. ವಾಲ್ಯೂಮ್ 60 ಎಂದು ಬಂದದ್ದು ಪೈಥಾನ್‌ಗೆ ಅರವತ್ತು ಎಂಬ ಸಂಖ್ಯೆಯಲ್ಲ, ಆರು ಮತ್ತು ಸೊನ್ನೆ ಎಂಬ ಎರಡು ಅಕ್ಷರ. ಅದನ್ನು ಸಂಖ್ಯೆಯಾಗಿ ಬದಲಿಸದೆ 50ಕ್ಕಿಂತ ಹೆಚ್ಚೇ ಎಂದು ಹೋಲಿಸಿದರೆ ಪ್ರೋಗ್ರಾಮ್ ಅಲ್ಲೇ ಮುಗ್ಗರಿಸುತ್ತದೆ.

ಯುಗಳ ಗೀತೆ ಬಂದಾಗ ಕುಸಿದ ಪ್ರೋಗ್ರಾಮ್

ಹಾಡಿನ ಕಡತದೊಳಗೆ ಹೆಸರು, ಗಾಯಕರು, ಚಿತ್ರ ಮುಂತಾದ ವಿವರಗಳ ಚೀಟಿ ಅಂಟಿಸಿರುತ್ತಾರೆ, ಅವಕ್ಕೆ ಟ್ಯಾಗ್ ಎನ್ನುತ್ತಾರೆ. ‘ಕರೆಂಟ್‌ಸಾಂಗ್’ ಎಂಬ ಆಜ್ಞೆ ಕೊಟ್ಟರೆ ಈಗಿನ ಹಾಡಿನ ಟ್ಯಾಗ್‌ಗಳು ಬರುತ್ತವೆ. ಗಾಯಕರ ಹೆಸರನ್ನು ಒಂದು ಚಿಕ್ಕ ಪರದೆಯಲ್ಲಿ ತೋರಿಸುವ ಪ್ರೋಗ್ರಾಮ್ ಬರೆದಿದ್ದೆ. ಪಿ.ಬಿ. ಶ್ರೀನಿವಾಸ್ ಒಬ್ಬರೇ ಹಾಡಿದ್ದಕ್ಕೆ ಸರಿಯಾಗಿ ನಡೆಯುತ್ತಿತ್ತು. ಅವರೊಂದಿಗೆ ಎಸ್. ಜಾನಕಿ ದನಿಗೂಡಿಸಿದ ಹಾಡು ಬಂದೊಡನೆ ಕುಸಿಯುತ್ತಿತ್ತು. ಕಾರಣ, ಆ ಕಡತದಲ್ಲಿ ಗಾಯಕರ ಟ್ಯಾಗ್ ಎರಡು ಸಲ ಇತ್ತು. ಹಾಗಿದ್ದಾಗ ಲೈಬ್ರರಿ ಒಂದು ಹೆಸರಿನ ಬದಲು ಹೆಸರುಗಳ ಪಟ್ಟಿ ಕೊಡುತ್ತದೆ. ಹೆಸರು ಸಿಗುತ್ತದೆಂದು ಕೈಚಾಚಿದ ಕೋಡಿಗೆ ಪಟ್ಟಿ ಸಿಕ್ಕಿ ದಿಕ್ಕು ತಪ್ಪಿತು. ಕನ್ನಡ ಚಿತ್ರಗೀತೆ ಕೇಳುವವರಿಗೆ ಇದು ದಿನಕ್ಕೆ ಹತ್ತು ಸಲ ಎದುರಾಗುವ ಸಂದರ್ಭ.

ಕನ್ನಡದಲ್ಲಿ ಟ್ಯಾಗ್ ಬರೆದುಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಎಂಪಿಡಿಯ ಮಾತುಕತೆಯೆಲ್ಲ ಯುಟಿಎಫ್-8ರಲ್ಲಿ, ಅಂದರೆ ಯುನಿಕೋಡ್ ಅಕ್ಷರಗಳಲ್ಲಿ ನಡೆಯುತ್ತದೆ, ಹಾಗಾಗಿ ಕನ್ನಡ ಸಲೀಸು. ಆದರೆ ಯುನಿಕೋಡ್‌ನಲ್ಲಿ ‘ಕೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಒಂದೊಂದು ಸಂಕೇತವನ್ನೂ ಹೋಲಿಸುವ ಹುಡುಕಾಟಕ್ಕೆ ಅವು ಬೇರೆ ಬೇರೆ. ಎದುರಿಗೇ ಇರುವ ಹಾಡು ‘ಇಲ್ಲ’ ಎಂದು ಉತ್ತರ ಬಂದರೆ ಮೊದಲು ಇದನ್ನು ಅನುಮಾನಿಸಿ. ಹಳೆಯ ನುಡಿ, ಬರಹ ಫಾಂಟ್‌ಗಳ ಸಂಕೇತದಲ್ಲಿ ಟೈಪಿಸಿದ ಟ್ಯಾಗ್ ಇದ್ದರಂತೂ ಬರುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಸ್ಟೇಟಸ್‌ನಲ್ಲಿ ಸಾಂಗ್ 3, ಸಾಂಗ್‌ಐಡಿ 4 ಎಂದು ಎರಡು ಸಂಖ್ಯೆಗಳು ಬಂದದ್ದನ್ನು ಗಮನಿಸಿರಬಹುದು. ಪಡಿತರ ಅಂಗಡಿಯ ಸಾಲಿನಲ್ಲಿ ನೀವು ನಿಂತ ಸ್ಥಾನ ಒಂದು, ಕೈಯಲ್ಲಿರುವ ಟೋಕನ್ ಇನ್ನೊಂದು. ಮುಂದಿನವರು ಹೊರಟರೆ ಸ್ಥಾನ ಬದಲಾಗುತ್ತದೆ, ಟೋಕನ್ ಬದಲಾಗುವುದಿಲ್ಲ. ‘ನಾಲ್ಕನೇ ಹಾಡನ್ನು ತೆಗೆ’ ಎಂದು ಹೇಳುವಷ್ಟರಲ್ಲಿ ಮತ್ತೊಬ್ಬರು ಮೊಬೈಲಿನಿಂದ ಸಾಲನ್ನು ಹಿಂದೆಮುಂದೆ ಮಾಡಿದ್ದರೆ ಬೇರೆ ಯಾವುದೋ ಹಾಡು ಹಾರಿಹೋಗುತ್ತದೆ. ಐಡಿ ಹಿಡಿದು ಹೇಳಿದರೆ ಆ ಅಪಾಯವಿಲ್ಲ.

‘ಹಾಡು ಬದಲಾಯಿತೇ? ಈಗ? ಈಗ?’

ಇಲ್ಲಿಯವರೆಗೆ ನೋಡಿದ್ದು ಹೇಳುವ ಕಡೆ. ಕಷ್ಟವಿರುವುದು ಕೇಳಿಸಿಕೊಳ್ಳುವ ಕಡೆ. ನಡೆಸು, ತಡೆ, ಮುಂದಿನದು ಎನ್ನುವುದು ಒಂದು ಸಂಜೆಯಲ್ಲಿ ಬಂದುಬಿಡುತ್ತದೆ. ಪ್ಲೇಯರ್‌ನಲ್ಲಿ ಏನಾಗುತ್ತಿದೆ ಎಂದು ಸದಾ ತಿಳಿದಿರುವುದು ಹೇಗೆ ಎಂಬಲ್ಲಿ ಬಹುಪಾಲು ಪ್ರೋಗ್ರಾಮ್‌ಗಳು ಎಡವುತ್ತವೆ.

ಗಾಯಕರ ಹೆಸರು ತೋರಿಸುವ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಹಾಡು ಬದಲಾದಾಗ ಹೆಸರೂ ಬದಲಾಗಬೇಕು. ಹಾಡು ಬದಲಾದದ್ದು ಅದಕ್ಕೆ ಹೇಗೆ ತಿಳಿಯಬೇಕು? ತಟ್ಟನೆ ಹೊಳೆಯುವ ಉಪಾಯ, ಸೆಕೆಂಡಿಗೊಮ್ಮೆ ಸ್ಟೇಟಸ್ ಕೇಳುವುದು. ಇದಕ್ಕೆ ಪೋಲಿಂಗ್ ಎಂದು ಹೆಸರು. ದಿನಕ್ಕೆ 86,400 ಸಲ ಮೈಕ್‌ಸೆಟ್ಟಿನವರ ಬಳಿ ಹುಡುಗನನ್ನು ಓಡಿಸಿ ‘ಹಾಡು ಬದಲಾಯಿತೇ?’ ಎಂದು ಕೇಳಿದಂತೆ. ಅದರಲ್ಲಿ ಬಹುತೇಕ ಎಲ್ಲಕ್ಕೂ ಉತ್ತರ ‘ಇಲ್ಲ’. ಈಗಿನ ಕಂಪ್ಯೂಟರಿಗೆ ಇದು ದೊಡ್ಡ ಹೊರೆಯಲ್ಲ, ನಿಜ. ಆದರೂ ಎರಡು ಪ್ರಶ್ನೆಗಳ ನಡುವೆ ಆದದ್ದು ತಪ್ಪಿಹೋಗುತ್ತದೆ. ಅರ್ಧ ಸೆಕೆಂಡಿನಲ್ಲಿ ತಡೆದು ಮತ್ತೆ ನಡೆಸಿದರೆ ಪ್ರೋಗ್ರಾಮ್‌ಗೆ ಅದು ಆಗಲೇ ಇಲ್ಲ.

ಎಂಪಿಡಿಯಲ್ಲಿ ಇದಕ್ಕೆ ಒಂದು ಚೆಂದದ ಆಜ್ಞೆ ಇದೆ: ‘ಐಡಲ್’. ಇದನ್ನು ಕಳಿಸಿದರೆ ಎಂಪಿಡಿ ಒಡನೆ ಉತ್ತರಿಸುವುದಿಲ್ಲ. ಸುಮ್ಮನಿರುತ್ತದೆ. ಏನಾದರೂ ಬದಲಾದಾಗ ಮಾತ್ರ ‘ಚೇಂಜ್ಡ್: ಪ್ಲೇಯರ್’ ಎಂದೋ ‘ಚೇಂಜ್ಡ್: ಮಿಕ್ಸರ್’ ಎಂದೋ ಒಂದು ಸಾಲು ಬರುತ್ತದೆ. ಪ್ಲೇಯರ್ ಎಂದರೆ ಹಾಡು ಬದಲಾಗಿದೆ, ನಿಂತಿದೆ ಅಥವಾ ಶುರುವಾಗಿದೆ. ಮಿಕ್ಸರ್ ಎಂದರೆ ಧ್ವನಿ ಮಟ್ಟ ಬದಲಾಗಿದೆ. ಹುಡುಗನನ್ನು ನೂರು ಸಲ ಓಡಿಸುವ ಬದಲು ಅಲ್ಲೇ ಕೂರಿಸಿ, ‘ಬದಲಾದಾಗ ಬಂದು ಹೇಳು’ ಎಂದಂತೆ.

ಇದರಲ್ಲಿ ಮೂರು ಸೂಕ್ಷ್ಮಗಳಿವೆ, ಮೂರಕ್ಕೂ ನಾನು ಒಂದೊಂದು ಸಂಜೆ ತೆತ್ತಿದ್ದೇನೆ. ಬರುವ ಸುದ್ದಿ ಯಾವ ವಿಭಾಗದಲ್ಲಿ ಬದಲಾಯಿತು ಎಂಬುದಷ್ಟೇ, ಏನಾಯಿತು ಎಂಬುದಲ್ಲ. ಅದಕ್ಕೆ ಮತ್ತೆ ಸ್ಟೇಟಸ್ ಕೇಳಬೇಕು. ಐಡಲ್‌ನಲ್ಲಿ ಕಾಯುತ್ತಿರುವ ಸಂಪರ್ಕದಲ್ಲಿ ಬೇರೆ ಆಜ್ಞೆ ಕಳಿಸುವಂತಿಲ್ಲ, ‘ನೋಐಡಲ್’ ಎಂದು ಮೊದಲು ಎಬ್ಬಿಸಬೇಕು. ಅದಕ್ಕೇ ಅನುಭವಸ್ಥರು ಕೇಳಿಸಿಕೊಳ್ಳಲು ಒಂದು ಸಂಪರ್ಕ, ಹೇಳಲು ಇನ್ನೊಂದು ಎಂದು ಎರಡು ಇಟ್ಟುಕೊಳ್ಳುತ್ತಾರೆ. ಕೊನೆಯದು, ಐಡಲ್ ಇಲ್ಲದೆ ಸುಮ್ಮನೆ ತೆರೆದಿಟ್ಟ ಸಂಪರ್ಕವನ್ನು ಎಂಪಿಡಿ ಸಾಮಾನ್ಯವಾಗಿ 60 ಸೆಕೆಂಡಿಗೆ ಕಡಿದುಹಾಕುತ್ತದೆ. ‘ಶುರುವಿನಲ್ಲಿ ಚೆನ್ನಾಗಿತ್ತು, ಚಹಾ ಕುಡಿದು ಬರುವಷ್ಟರಲ್ಲಿ ಕೆಟ್ಟಿತು’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ. ಐಡಲ್‌ನಲ್ಲಿ ಕಾಯುವವರಿಗೆ ಈ ಗಡುವು ಇಲ್ಲ.

ಕಿಟಕಿಯಿರುವ ಪ್ಲೇಯರ್‌ಗಳಿಗೆ ಡಿ-ಬಸ್

ಎಲ್ಲರೂ ಎಂಪಿಡಿ ಬಳಸುವುದಿಲ್ಲ. ವಿಎಲ್‌ಸಿ, ರಿದಮ್‌ಬಾಕ್ಸ್, ಸ್ಪಾಟಿಫೈಗಳಿಗೆ 6600ನೇ ಕಿಂಡಿ ಇಲ್ಲ. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಇವುಗಳನ್ನು ತಲುಪಲು ಇರುವ ದಾರಿ ಡಿ-ಬಸ್. ಹೆಸರಿನಲ್ಲಿ ಬಸ್ ಇದ್ದರೂ ಇದು ಅಂಚೆಯ ಹಾಗೆ: ಪ್ರೋಗ್ರಾಮ್‌ಗಳು ತಮ್ಮ ಹೆಸರು ನೋಂದಾಯಿಸಿಕೊಳ್ಳುತ್ತವೆ, ಹೆಸರು ಬರೆದು ಕಳಿಸಿದ ಪತ್ರವನ್ನು ಅಂಚೆ ತಲುಪಿಸುತ್ತದೆ.

ಅಂಚೆ ಇದ್ದರೆ ಸಾಲದು, ಪತ್ರದ ಒಕ್ಕಣೆಯೂ ಎಲ್ಲರಿಗೂ ಅರ್ಥವಾಗಬೇಕು. ಒಂದು ಪ್ಲೇಯರ್ ‘ತಡೆ’ ಎಂದು, ಇನ್ನೊಂದು ‘ನಿಲ್ಲು’ ಎಂದು ನಿರೀಕ್ಷಿಸಿದರೆ ಪ್ಲೇಯರ್‌ಗೊಂದು ಪ್ರೋಗ್ರಾಮ್ ಬರೆಯಬೇಕಾಗುತ್ತದೆ. ಅದನ್ನು ತಪ್ಪಿಸಲು ಮಾಡಿಕೊಂಡ ಒಪ್ಪಂದವೇ ಎಂಪಿಆರ್‌ಐಎಸ್. ಒಂದೇ ಒಕ್ಕಣೆ, ಯಾವ ಪ್ಲೇಯರ್‌ಗಾದರೂ ನಡೆಯುತ್ತದೆ. ಕೀಬೋರ್ಡಿನ ಮ್ಯೂಸಿಕ್ ಕೀಲಿ ಒತ್ತಿದಾಗ ಲಿನಕ್ಸ್ ಡೆಸ್ಕ್‌ಟಾಪ್ ಪ್ಲೇಯರ್‌ಗೆ ಸುದ್ದಿ ಮುಟ್ಟಿಸುವುದು ಸಾಮಾನ್ಯವಾಗಿ ಇದರ ಮೂಲಕ. ಮೊಬೈಲಿಗೆ ಕರೆ ಬಂದಾಗ, ಮೊಬೈಲನ್ನೂ ಕಂಪ್ಯೂಟರನ್ನೂ ಬೆಸೆಯುವ ಕೆಡಿಇ ಕನೆಕ್ಟ್ ಎಂಬ ತಂತ್ರಾಂಶ ಕಂಪ್ಯೂಟರಿನ ಹಾಡನ್ನು ತಡೆಯುವುದೂ ಇದನ್ನೇ ಬಳಸಿ. ನಮ್ಮ ಪ್ರೋಗ್ರಾಮ್‌ಗೆ ಪ್ಲೇಯರ್‌ಸಿಟಿಎಲ್ ಎಂಬ ಸಲಕರಣೆ ಮತ್ತು ಲೈಬ್ರರಿ ಇದೆ.

ಇಲ್ಲಿಯೂ ‘ಪ್ಲೇಪಾಜ್’ ಎಂಬ ತಿರುಗುಮುರುಗಿನ ಆಜ್ಞೆ ಬೇರೆ, ‘ಪಾಜ್’ ಎಂಬ ಖಚಿತ ಆಜ್ಞೆ ಬೇರೆ. ಎಂಪಿಡಿಯಲ್ಲಿ ಒಂಟಿ ‘ಪಾಜ್’ ತಿರುಗುಮುರುಗು, ಇಲ್ಲಿ ಅದೇ ಪದ ಖಚಿತ. ಎರಡನ್ನೂ ಬಳಸುವವರು ಜೋಕೆ. ಅಳತೆಗಳೂ ಬೇರೆ: ಎಂಪಿಡಿಯಲ್ಲಿ ಪೂರ್ತಿ ಧ್ವನಿ 100, ಇಲ್ಲಿ 1.0. ಕಾಲವನ್ನು ಇಲ್ಲಿ ಅಳೆಯುವುದು ಮೈಕ್ರೋಸೆಕೆಂಡಿನಲ್ಲಿ, ಒಂದು ಸೆಕೆಂಡಿಗೆ ಹತ್ತು ಲಕ್ಷ. ಹಾಡನ್ನು 30 ಸೆಕೆಂಡ್ ಮುಂದಕ್ಕೆ ಓಡಿಸಬೇಕೆಂದು 30 ಎಂದು ಬರೆದರೆ ಏನೂ ಆದಂತೆ ಕೇಳಿಸುವುದಿಲ್ಲ. ಬರೆಯಬೇಕಾದದ್ದು ಮೂರು ಕೋಟಿ.

ಹಾಡಿನೊಳಗೆ ನಿರ್ದಿಷ್ಟ ಜಾಗಕ್ಕೆ ಹೋಗು ಎಂಬ ಆಜ್ಞೆಗೆ ಎಂಪಿಆರ್‌ಐಎಸ್ ಕಾಲದ ಜೊತೆ ಹಾಡಿನ ಗುರುತನ್ನೂ ಕೇಳುತ್ತದೆ. ಈಗ ನಡೆಯುತ್ತಿರುವುದು ಯಾವುದೆಂದು ಅದಕ್ಕೆ ಗೊತ್ತಿಲ್ಲವೇ? ಗೊತ್ತು. ಆದರೆ ನಿಮ್ಮ ಪತ್ರ ಹೊರಟಾಗ ಇದ್ದ ಹಾಡು, ತಲುಪುವಷ್ಟರಲ್ಲಿ ಮುಗಿದಿರಬಹುದು. ಗುರುತು ಹೊಂದದಿದ್ದರೆ ‘ಇದು ಹಳಸಿದ ಪತ್ರ’ ಎಂದು ಪ್ಲೇಯರ್ ಅದನ್ನು ಬದಿಗಿಡುತ್ತದೆ. ಪಡಿತರ ಅಂಗಡಿಯ ಟೋಕನ್ನಿನ ಲೆಕ್ಕವೇ ಇಲ್ಲಿಯೂ.

ಡಿ-ಬಸ್ ಬಳಸುವವರು ಬಹಳ ಸಲ ಮುಗ್ಗರಿಸುವ ಕಲ್ಲೊಂದಿದೆ. ಪ್ರೋಗ್ರಾಮನ್ನು ಕೈಯಾರೆ ಓಡಿಸಿದರೆ ನಡೆಯುತ್ತದೆ, ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ಗೆ ಒಪ್ಪಿಸಿದರೆ ನಡೆಯುವುದಿಲ್ಲ. ಕಾರಣ, ಲಾಗಿನ್ ಆದ ಪ್ರತಿಯೊಬ್ಬರಿಗೂ ಅವರದೇ ಅಂಚೆ ಕಚೇರಿ ಇರುತ್ತದೆ, ಅದರ ವಿಳಾಸ ಅವರ ಪರಿಸರದಲ್ಲಿರುತ್ತದೆ. ಕ್ರಾನ್ ಆ ಪರಿಸರದ ಹೊರಗೆ ಓಡುತ್ತದೆ. ವಿಳಾಸವನ್ನು ಅದಕ್ಕೆ ಬೇರೆಯಾಗಿ ಕೊಡಬೇಕು. ಎಂಪಿಡಿಗೆ ಈ ರಗಳೆಯಿಲ್ಲ, 6600 ಎಲ್ಲರಿಗೂ 6600.

ವಿಂಡೋಸ್ 10ರಲ್ಲಿ ಇದೇ ಕೆಲಸಕ್ಕೆ ಸಿಸ್ಟಮ್ ಮೀಡಿಯಾ ಟ್ರಾನ್ಸ್‌ಪೋರ್ಟ್ ಕಂಟ್ರೋಲ್ಸ್ ಎಂಬ ವ್ಯವಸ್ಥೆಯಿದೆ. ಮ್ಯಾಕ್‌ನಲ್ಲಿ ಆ್ಯಪಲ್‌ಸ್ಕ್ರಿಪ್ಟ್ ಮೂಲಕ ಮ್ಯೂಸಿಕ್ ಆ್ಯಪ್‌ಗೆ ಹೇಳಬಹುದು. ಹೆಸರು, ವ್ಯಾಕರಣ ಬೇರೆ, ಸಂಭಾಷಣೆಯ ರೀತಿ ಇದೇ.

ಕಿಂಡಿಗೆ ಯಾರು ಬೇಕಾದರೂ ಬರಬಹುದೇ?

ಎಂಪಿಡಿಯನ್ನು ಮನೆಯ ವೈಫೈಗೆ ತೆರೆದಿಟ್ಟರೆ ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಹಾಡು ಬದಲಿಸಬಹುದು. ಪಾಸ್‌ವರ್ಡ್ ಹಾಕಬಹುದು, ಆದರೆ ಆ ಮಾತುಕತೆ ಗೂಢಲಿಪಿಯಲ್ಲಿಲ್ಲ, ಪಾಸ್‌ವರ್ಡ್ ಕೂಡ ತೆರೆದ ಅಂಚೆಕಾರ್ಡಿನ ಮೇಲೆ ಬರೆದಂತೆಯೇ ಹೋಗುತ್ತದೆ. ಬೇರೆಡೆ ಬಳಸುವ ಪಾಸ್‌ವರ್ಡನ್ನು ಇಲ್ಲಿ ಇಡಬಾರದು. ಪ್ರೋಗ್ರಾಮ್ ಅದೇ ಕಂಪ್ಯೂಟರಿನಲ್ಲಿ ಓಡುವುದಾದರೆ 127.0.0.1 ಎಂಬ ಒಳವಿಳಾಸಕ್ಕೆ ಮಾತ್ರ ಕಿಂಡಿ ತೆರೆದಿಟ್ಟರೆ ಸಾಕು. ಇಂಟರ್‌ನೆಟ್ಟಿಗಂತೂ ನೇರವಾಗಿ ತೆರೆಯುವ ವಸ್ತು ಇದಲ್ಲ.

ಈಗ ಹತ್ತು ಗಂಟೆಗೆ ಆಗುವುದೇನು

ಪ್ರೋಗ್ರಾಮ್ ಈಗ ಸುಮಾರು ಮೂವತ್ತು ಸಾಲಿನದಾಗಿದೆ. ಹತ್ತಕ್ಕೆ ಎದ್ದು ಮೊದಲು ಸ್ಟೇಟಸ್ ಕೇಳುತ್ತದೆ. ನಡೆಯುತ್ತಿಲ್ಲವಾದರೆ ಸದ್ದಿಲ್ಲದೆ ಮುಗಿಸುತ್ತದೆ. ನಡೆಯುತ್ತಿದ್ದರೆ ಆಗಿನ ಧ್ವನಿ ಮಟ್ಟವನ್ನು ಬರೆದಿಟ್ಟುಕೊಂಡು, ಎರಡು ಸೆಕೆಂಡಿಗೊಂದು ಅಂಕದಂತೆ ಇಳಿಸುತ್ತ ಬರುತ್ತದೆ. ಅರವತ್ತರಿಂದ ಸೊನ್ನೆಗೆ ಎರಡು ನಿಮಿಷ. ಪ್ರತಿ ಹೆಜ್ಜೆಯಲ್ಲೂ ಸ್ಟೇಟಸ್ ಓದಿ, ತಾನು ಇಟ್ಟ ಮಟ್ಟವೇ ಅಲ್ಲಿದೆಯೇ ಎಂದು ನೋಡುತ್ತದೆ. ಕೆಲವು ಸೌಂಡ್‌ಕಾರ್ಡ್‌ಗಳು 59 ಎಂದರೆ 58 ಎಂದು ಒಪ್ಪಿಸುತ್ತವೆ, ಹಾಗಾಗಿ ಒಂದೆರಡು ಅಂಕದ ವ್ಯತ್ಯಾಸವನ್ನು ಮನ್ನಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಯಾರೋ ಎಚ್ಚರವಾಗಿದ್ದು ಧ್ವನಿ ಏರಿಸಿದ್ದಾರೆ ಎಂದರ್ಥ. ಆಗ ಪ್ರೋಗ್ರಾಮ್ ಹಿಂದೆ ಸರಿಯುತ್ತದೆ.

ಸೊನ್ನೆ ಮುಟ್ಟಿದ ಮೇಲೆ ಪಾಜ್ 1. ಕೆಲವು ದಿನ ಅಷ್ಟಕ್ಕೇ ಬಿಟ್ಟಿದ್ದೆ. ಒಂದು ಬೆಳಗ್ಗೆ ಎದ್ದು ಬಂದರೆ ಅಪ್ಪ ಆಂಪ್ಲಿಫೈಯರನ್ನು ಗೋಡೆಯಿಂದ ಎಳೆದು, ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಇಣುಕುತ್ತಿದ್ದರು. ‘ಫ್ಯೂಸ್ ಹೋಗಿದೆ ಕಣೋ, ಹಾಡು ಓಡುತ್ತಿದೆ, ಸದ್ದೇ ಇಲ್ಲ’ ಎಂದರು. ಪರದೆಯಲ್ಲಿ ಸ್ಟೇಟ್ ಪ್ಲೇ ಎಂದೂ ವಾಲ್ಯೂಮ್ 0 ಎಂದೂ ಇತ್ತು. ಅಂದೇ ಕೊನೆಗೊಂದು ಸಾಲು ಸೇರಿಸಿದೆ: ಹಾಡು ತಡೆದ ಮೇಲೆ, ಬರೆದಿಟ್ಟುಕೊಂಡ ಧ್ವನಿ ಮಟ್ಟವನ್ನು ಇದ್ದಲ್ಲಿಗೆ ಮರಳಿಸು.